ಮನೆಯಲ್ಲಿ ಕಾಯಿಹಾಲು ತೆಗೆಯುವ ಸಾಮಾನುಗಳನ್ನು ಆರಿಸುವ ಕ್ರಮ

ತೆಂಗಿನ ಕಾಯಿಯ ಹಾಲು ನಮ್ಮ ನಾಡಿನ ಅಡಿಗೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪದಾರ್ಥ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಕಡೆ ಒಬ್ಬಟ್ಟಿನ ಜೊತೆಗೂ ಒತ್ತುಶಾವಿಗೆಯ ಜೊತೆಗೂ ಕಾಯಿಹಾಲು ಇದ್ದರೇ ಹಬ್ಬದ ಊಟಕ್ಕೆ ಕಳೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಪಾಯಸ, ರಸಾಯನ ಮೊದಲಾದುವಕ್ಕೆ ಅದೇ ಆಧಾರ. ಹಾಲು ತೆಗೆಯುವ ಕೆಲಸವು ಶ್ರಮದ್ದಾದುದರಿಂದ ಈಚೆಗೆ ಪೇಟೆಗಳಲ್ಲಿ ಇದಕ್ಕೆಂದೇ ಬಗೆಬಗೆಯ ಸಾಮಾನುಗಳೂ ಯಂತ್ರಗಳೂ ಮಾರಾಟಕ್ಕೆ ಬಂದಿವೆ. ಇವುಗಳಲ್ಲಿ ಯಾವುದನ್ನು ಕೊಂಡರೆ ಹಣವು ಸಾರ್ಥಕವಾಗುವುದು, ಯಾವುದನ್ನು ಕೊಂಡರೆ ಅದು ಆರು ತಿಂಗಳಲ್ಲಿ ಅಟ್ಟವನ್ನು ಸೇರುವುದು ಎಂಬುದನ್ನು ಗೃಹಸ್ಥರೂ ಗೃಹಿಣಿಯರೂ ತಾವೇ ಪರೀಕ್ಷಿಸಿ ತಿಳಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯವನ್ನು ಬರೆಯಬೇಕೆಂಬ ಯೋಚನೆ ಹುಟ್ಟಿದುದು ತಿಪಟೂರಿನ ಕಡೆಯ ಒಂದು ಗ್ರಾಮದಲ್ಲಿ. ಗೌರೀಹಬ್ಬಕ್ಕೆ ಕೆಲವು ದಿನ ಮುಂಚೆ ತೋಟವೊಂದನ್ನು ನೋಡಿಕೊಂಡು ಆ ತೋಟದ ಯಜಮಾನರ ಮನೆಯ ಜಗಲಿಯಲ್ಲಿ ಕುಳಿತಿದ್ದೆನು. ಎದುರಿನ ಕೊಟ್ಟಿಗೆಯಲ್ಲಿ ಹಸುವಿನ ಬಾನಿಗೆ ಕಾಯಿಯ ಚರಟವನ್ನು, ಎಂದರೆ ಹಾಲು ಹಿಂಡಿದ ಮೇಲೆ ಉಳಿಯುವ ತುರಿಯನ್ನು, ಸುರಿಯುತ್ತಿದ್ದರು. ಅದನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಲಾಗಿ, ಬೆರಳ ಸಂದಿನಿಂದ ಬೆಳ್ಳಗೆ ಹಾಲು ಇಳಿಯಿತು. ಆ ಮನೆಯವರು ಕೊಬ್ಬರಿ ಮಾರಿದ ಹಣದಲ್ಲಿ ಕಾಯಿಹಾಲಿಗೆಂದು ವಿದ್ಯುತ್ತಿನ ಯಂತ್ರವೊಂದನ್ನು ಕೊಂಡಿದ್ದರು. ಕಾಯಿಯ ಚೂರುಗಳನ್ನು ಹಾಕಿದರೆ ಒಂದು ಕಡೆ ಹಾಲೂ ಮತ್ತೊಂದು ಕಡೆ ಚರಟವೂ ಬೀಳತಕ್ಕ ಯಂತ್ರವದು. ಮನೆಯ ಹಿರಿಯಾಕೆಯು ನಕ್ಕು, “ಇನ್‌ಸ್ಪೆಕ್ಟರ್ ಸ್ವಾಮಿ, ಈ ಮನೆಯಲ್ಲಿ ನಮಗಿಂತ ನಮ್ಮ ಹಸುವೇ ಒಳ್ಳೆಯ ಪಾಯಸ ಉಣ್ಣುತ್ತದೆ” ಎಂದರು. ಮಾತು ವಿನೋದದ್ದಾದರೂ ಅದರಲ್ಲಿ ಒಂದು ಲೆಕ್ಕವಿದೆ. ಮೊದಲು ಆ ಲೆಕ್ಕವನ್ನು ನೋಡೋಣ.

ಕಾಯಿಯಲ್ಲಿರುವುದೇನು, ಕಳೆದುಹೋಗುವುದೇನು

ಬಲಿತ ತೆಂಗಿನ ಕಾಯಿಯ ತಿರುಳಿನ ೧೦೦ ಭಾಗದಲ್ಲಿ ಸುಮಾರು ೪೭ ಭಾಗ ನೀರು, ೩೩ ಭಾಗ ಜಿಡ್ಡು, ೩ ಭಾಗ ಪ್ರೋಟೀನು ಇರುತ್ತವೆ. ಉಳಿದುದು ನಾರು, ಸಕ್ಕರೆ, ಲವಣ ಮೊದಲಾದುವು. ಈ ಜಿಡ್ಡು ತಿರುಳಿನ ಅತಿ ಸಣ್ಣ ಕೋಶಗಳೊಳಗೆ ಸೆರೆಯಾಗಿರುತ್ತದೆ. ಕೋಶಗಳು ಒಡೆದು, ಜಿಡ್ಡು ಸೂಕ್ಷ್ಮವಾದ ಹನಿಗಳಾಗಿ ನೀರಿನೊಡನೆ ಬೆರೆತು ಹೊರಬಂದರೆ ಅದೇ ಕಾಯಿಹಾಲು. ತಿರುಳಿನಲ್ಲಿರುವ ಪ್ರೋಟೀನು ಈ ಹನಿಗಳು ಬೇಗನೆ ಒಂದಕ್ಕೊಂದು ಕೂಡಿ ಎಣ್ಣೆಯಾಗದಂತೆ ತಡೆಯುತ್ತದೆ.

ಒಂದು ಕಾಯಿಯಿಂದ ೨೫೦ ಗ್ರಾಂ ತಿರುಳು ದೊರೆಯಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ ಜಿಡ್ಡು ಸುಮಾರು ೮೩ ಗ್ರಾಂ. ನಮ್ಮ ಸಾಮಾನಿನ ದೋಷದಿಂದ ಇದರಲ್ಲಿ ಮೂರನೆಯ ಒಂದು ಭಾಗವು ಚರಟದಲ್ಲಿಯೇ ಉಳಿದರೆ ಕಳೆದುಹೋಗುವುದು ಸುಮಾರು ೨೮ ಗ್ರಾಂ, ಎಂದರೆ ಹೆಚ್ಚು ಕಡಮೆ ಎರಡು ದೊಡ್ಡ ಚಮಚ ಎಣ್ಣೆ. ವಾರಕ್ಕೆ ಎರಡು ಕಾಯಿಯ ಹಾಲು ತೆಗೆಯುವ ಮನೆಯಲ್ಲಿ ಇದು ವರ್ಷಕ್ಕೆ ೨.೯ ಕಿಲೋಗ್ರಾಂ ಆಗುತ್ತದೆ.

ಇದೇ ಲೆಕ್ಕವನ್ನು ಹಾಲಿನ ಗುಣದ ಕಡೆಯಿಂದಲೂ ನೋಡಬಹುದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ನಿಯಮಾವಳಿಯಲ್ಲಿ ೨೦೦೩ ರಲ್ಲಿ ಗೊತ್ತುಮಾಡಿದ ಪ್ರಕಾರ, ಮಾರಾಟದ ಕಾಯಿಹಾಲಿನಲ್ಲಿ ನೂರಕ್ಕೆ ೧೦ ಭಾಗಕ್ಕೆ ಕಡಮೆಯಿಲ್ಲದಂತೆ ಜಿಡ್ಡು ಇರತಕ್ಕದ್ದು. ಮೇಲೆ ಹೇಳಿದ ಒಂದು ಕಾಯಿಯಿಂದ ಒಟ್ಟು ೫೦೦ ಗ್ರಾಂ ಹಾಲು ತೆಗೆದೆವೆನ್ನೋಣ. ಜಿಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಹಾಲಿಗೆ ಬಂದಿದ್ದರೆ ಹಾಲಿನ ಜಿಡ್ಡು ನೂರಕ್ಕೆ ೧೧. ಅರ್ಧ ಪಾಲು ಮಾತ್ರ ಬಂದಿದ್ದರೆ ನೂರಕ್ಕೆ ೮ ಕ್ಕೆ ಇಳಿಯುತ್ತದೆ. ಕಾಯಿ ಒಂದೇ, ನೀರು ಒಂದೇ, ಶ್ರಮವೂ ಹೆಚ್ಚು ಕಡಮೆ ಒಂದೇ. ವ್ಯತ್ಯಾಸವೆಲ್ಲ ತುರಿಯುವ, ಅರೆಯುವ, ಹಿಂಡುವ ಸಾಮಾನುಗಳಲ್ಲಿದೆ.

ಆದಕಾರಣ ಸಾಮಾನನ್ನು ಕೊಳ್ಳುವವರು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಇದು ಎಷ್ಟು ನುಣ್ಣಗೆ ತುರಿಯುತ್ತದೆ? ಇದು ಕಾಯಿಸದೆ ಎಷ್ಟು ಚೆನ್ನಾಗಿ ಅರೆಯುತ್ತದೆ? ಇದು ಎಷ್ಟು ಬಲವಾಗಿ ಹಿಂಡುತ್ತದೆ? ಒಂದೇ ಯಂತ್ರವು ಮೂರನ್ನೂ ಮಾಡುವುದೆಂದು ವ್ಯಾಪಾರಿಯು ಹೇಳಿದಾಗಲೂ ಈ ಮೂರು ಪ್ರಶ್ನೆಗಳನ್ನು ಬಿಡಕೂಡದು.

ಕಾಯಿಯ ಮಾತು

ಸಾಮಾನು ಎಷ್ಟು ಉತ್ತಮವಾಗಿದ್ದರೂ ಎಳೆಯ ಕಾಯಿಯಿಂದ ಗಟ್ಟಿಹಾಲು ಬರುವುದಿಲ್ಲ. ಹೊಂಬಾಳೆ ಒಡೆದು ೧೧-೧೨ ತಿಂಗಳಾಗಿ, ಸಿಪ್ಪೆ ಕಂದುಬಣ್ಣಕ್ಕೆ ತಿರುಗಿ, ಅಲುಗಿಸಿದರೆ ನೀರಿನ ಸದ್ದು ಕೇಳುವ ಕಾಯಿ ಯುಕ್ತವಾದುದು. ನೀರು ಬತ್ತಿ ತಿರುಳು ಚಿಪ್ಪನ್ನು ಬಿಟ್ಟಿದ್ದರೆ ಅದು ಕೊಬ್ಬರಿಯ ದಾರಿ ಹಿಡಿದಿದೆಯೆಂದು ತಿಳಿಯಬೇಕು. ಅದರಲ್ಲಿ ಜಿಡ್ಡು ಇದ್ದರೂ ಹಾಲು ಸುಲಭವಾಗಿ ಬಿಡುವುದಿಲ್ಲ. ಒಡೆದ ಕೂಡಲೆ ಮೂಸಿ ನೋಡಿ, ಕಮಟು ವಾಸನೆಯಿದ್ದರೆ ಅಂತಹ ಕಾಯಿಯನ್ನು ಹಾಲಿಗೆ ಉಪಯೋಗಿಸಕೂಡದು.

ತುರಿಯುವ ಸಾಮಾನುಗಳು

ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದುದು ತುರಿಮಣೆ. ಕರಾವಳಿಯಲ್ಲಿ ಇದನ್ನು ಹೆರೆಮಣೆಯೆಂದೂ ಕರೆಯುತ್ತಾರೆ. ಕಾಯಿಹಾಲಿನ ದೃಷ್ಟಿಯಿಂದ ಇದು ಇಂದಿಗೂ ಅತ್ಯುತ್ತಮ ಸಾಧನಗಳಲ್ಲಿ ಒಂದು. ತುರಿ ಸಣ್ಣದಾಗಿ ಬೀಳುವುದಲ್ಲದೆ, ತಿರುಳಿನ ಬೆನ್ನಿಗಿರುವ ಕಂದು ಪೊರೆಯ ಹತ್ತಿರ ಬಂದಾಗ ಕೈ ತಾನಾಗಿಯೇ ನಿಲ್ಲುತ್ತದೆ. ಆ ಪೊರೆ ಸೇರಿದರೆ ಹಾಲಿನ ಬಿಳುಪು ಕೆಡುತ್ತದೆ. ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಇವು: ಹಲ್ಲುಗಳು ಒತ್ತಾಗಿಯೂ ಸಣ್ಣವಾಗಿಯೂ ಸಮವಾಗಿಯೂ ಇರಬೇಕು, ಅಲಗಿನ ಬಾಗು ಚಿಪ್ಪಿನ ಒಳಬಾಗಿಗೆ ಹೊಂದಬೇಕು, ಮಣೆಯ ಮೇಲೆ ಕುಳಿತಾಗ ಅದು ಅಲುಗಕೂಡದು. ಕಬ್ಬಿಣದ ಅಲಗು ಹರಿತವಾಗಿರುವುದಾದರೂ ತುಕ್ಕು ಹಿಡಿಯುವುದು ಬೇಗ. ಅಂತಹುದನ್ನು ಬಳಸುವವರು ತೊಳೆದೊಡನೆ ಒರಸಿ ಒಣಗಿಸಬೇಕು. ಹಲ್ಲು ಮೊಂಡಾದ ತುರಿಮಣೆಯಿಂದ ಉದ್ದುದ್ದನೆಯ ದಪ್ಪ ತುರಿ ಬೀಳುತ್ತದೆ, ಹಾಲು ಕಡಮೆಯಾಗುತ್ತದೆ. ಇಂತಹ ಸಮಯದಲ್ಲಿ ಹೊಸ ಯಂತ್ರವನ್ನು ಹುಡುಕುವ ಮೊದಲು ಹಳೆಯ ಅಲಗಿಗೆ ಅರ ಹಾಕಿಸುವುದು ಲೇಸು.

ನೆಲದ ಮೇಲೆ ಕುಳಿತು ತುರಿಯಲಾರದ ವಯಸ್ಸಾದವರಿಗೆ ಕೈಯಿಂದ ತಿರುಗಿಸುವ ತುರಿಯಂತ್ರವು ಅನುಕೂಲ. ಇದರಲ್ಲಿ ಎರಡು ಬಗೆ. ಒಂದನ್ನು ಕಟ್ಟೆಯ ಅಂಚಿಗೆ ತಿರುಪಿನಿಂದ ಬಿಗಿಯುತ್ತಾರೆ. ಮತ್ತೊಂದು ತಳದಲ್ಲಿರುವ ರಬ್ಬರಿನ ಬಟ್ಟಲಿನಿಂದ ಕಟ್ಟೆಗೆ ಕಚ್ಚಿಕೊಳ್ಳುತ್ತದೆ. ತಿರುಪಿನ ಬಗೆಯನ್ನು ಕೊಳ್ಳುವವರು ಮನೆಯ ಅಡಿಗೆಕಟ್ಟೆಯ ಕಲ್ಲಿನ ದಪ್ಪವನ್ನು ಅಳೆದುಕೊಂಡು ಅಂಗಡಿಗೆ ಹೋಗಬೇಕು; ತಿರುಪಿನ ಬಾಯಿಗೆ ಕಲ್ಲು ಹಿಡಿಸದೆ ವಾಪಸು ತಂದವರು ಹಲವರುಂಟು. ರಬ್ಬರಿನ ಬಗೆಯು ನುಣುಪಾದ ಕಲ್ಲಿನ ಮೇಲೆ ಮಾತ್ರ ನಿಲ್ಲುತ್ತದೆ. ಸಿಮೆಂಟು ಕಟ್ಟೆಯ ಮೇಲೂ ಮರದ ಹಲಗೆಯ ಮೇಲೂ ಅದು ಜಾರುತ್ತದೆ. ಎರಡರಲ್ಲಿಯೂ ಹಿಡಿಯನ್ನು ತಿರುಗಿಸಿ ನೋಡಿದಾಗ ಅಲಗಿನ ತಲೆಯು ಅಡ್ಡಾದಿಡ್ಡಿಯಾಗಿ ಆಡಕೂಡದು.

ವಿದ್ಯುತ್ತಿನಿಂದ ತಿರುಗುವ ತುರಿಯಂತ್ರವೂ, ಹಿಟ್ಟು ರುಬ್ಬುವ ಗ್ರೈಂಡರಿಗೆ ಜೋಡಿಸುವ ತುರಿಯ ತಲೆಯೂ ಹೆಚ್ಚು ಕಾಯಿಗಳಿರುವ ಮನೆಗೆ ಉಪಯುಕ್ತ. ಆದರೆ ಇಲ್ಲಿ ಬೆರಳಿನ ಅಪಾಯವಿದೆ. ಅಲಗಿಗೆ ಮರೆಯಿರುವ, ಸ್ವಿಚ್ಚು ಕೈಗೆಟಕುವ ಯಂತ್ರವನ್ನೇ ಆರಿಸತಕ್ಕದ್ದು. ಚಿಪ್ಪಿನ ತುಂಡು ಚಿಕ್ಕದಾಗುತ್ತ ಬಂದಾಗ ಕೊನೆಯ ಸ್ವಲ್ಪ ತಿರುಳಿನ ಆಸೆಯನ್ನು ಬಿಡಬೇಕು. ಮಕ್ಕಳನ್ನು ಹತ್ತಿರ ಸೇರಿಸಕೂಡದು.

ಅರೆಯುವ ಸಾಮಾನುಗಳು

ತುರಿಯನ್ನು ಹಾಗೆಯೇ ಹಿಂಡಿದರೆ ಹಾಲು ಬರುವುದಾದರೂ, ಅರೆದು ಹಿಂಡಿದರೆ ಇನ್ನಷ್ಟು ಕೋಶಗಳು ಒಡೆಯುವುದರಿಂದ ಹೆಚ್ಚು ಹಾಲು ದೊರೆಯುತ್ತದೆ. ಒರಳುಕಲ್ಲು ಈ ಕೆಲಸವನ್ನು ಕಾಯಿಸದೆ ಮಾಡುತ್ತದೆ. ಆದರೆ ಒಂದೆರಡು ಕಾಯಿಗೆ ಒರಳನ್ನಾಗಲಿ, ವಿದ್ಯುತ್ತಿನ ಗ್ರೈಂಡರನ್ನಾಗಲಿ ಬಳಸಿದರೆ ಕಲ್ಲಿಗೆ ಅಂಟುವ ಪಾಲೇ ಹೆಚ್ಚಾಗುತ್ತದೆ. ಇವು ಸಮಾರಾಧನೆಯ ಅಡಿಗೆಗೆ ಯೋಗ್ಯವಾದುವು.

ಸಣ್ಣ ಸಂಸಾರಕ್ಕೆ ಮಿಕ್ಸಿಯೇ ಸಾಕು. ಮನೆಯಲ್ಲಿ ಈಗಾಗಲೆ ಒಳ್ಳೆಯ ಮಿಕ್ಸಿಯಿದ್ದರೆ ಕಾಯಿಹಾಲಿಗೆಂದು ಬೇರೊಂದನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಜಾಡಿಯ ಅಲಗು ತಳಕ್ಕೆ ಹತ್ತಿರವಾಗಿರಬೇಕು, ಮುಚ್ಚಳದ ರಬ್ಬರು ಸಡಿಲವಾಗಿರಕೂಡದು. ಜಾಡಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ, ತುರಿ ಮುಳುಗುವಷ್ಟು ನೀರು ಹಾಕಿ, ಸ್ವಲ್ಪ ಸ್ವಲ್ಪ ಹೊತ್ತು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒಟ್ಟು ಒಂದೆರಡು ನಿಮಿಷ ಸಾಕು. ಬಹಳ ಹೊತ್ತು ಅರೆದರೆ ಎರಡು ನಷ್ಟಗಳಿವೆ. ಜಾಡಿ ಕಾದು ಹಾಲು ಒಡೆದು ಎಣ್ಣೆ ಬಿಡಬಹುದು. ಮತ್ತು ತಿರುಳು ಚಂದನದಂತಾಗಿ ಬಟ್ಟೆಯ ರಂಧ್ರಗಳನ್ನು ಮುಚ್ಚಿ ಹಿಂಡುವುದಕ್ಕೆ ತೊಂದರೆಯಾಗುತ್ತದೆ. ಬೆರಳಲ್ಲಿ ತಿಕ್ಕಿದರೆ ಸಣ್ಣ ರವೆಯಂತೆ ತಗಲಿದರೆ ಸರಿಯಾದ ಹದ. ವಿದ್ಯುತ್ತಿನ ವೆಚ್ಚದ ಚಿಂತೆ ಬೇಡ. ೭೫೦ ವಾಟಿನ ಮಿಕ್ಸಿ ಎರಡು ನಿಮಿಷ ನಡೆದರೆ ಖರ್ಚಾಗುವುದು ಒಂದು ಯೂನಿಟ್ಟಿನ ನಲವತ್ತನೆಯ ಒಂದು ಭಾಗ. ಯಂತ್ರದ ನಿಜವಾದ ವೆಚ್ಚವು ಕೊಳ್ಳುವ ಬೆಲೆಯಲ್ಲಿಯೂ ತೊಳೆಯುವ ಶ್ರಮದಲ್ಲಿಯೂ ಇದೆ.

ನೀರಿನ ವಿಷಯವನ್ನೂ ಇಲ್ಲಿಯೇ ಹೇಳುವುದು ಯುಕ್ತ. ಕೊಬ್ಬರಿಯ ಎಣ್ಣೆಯು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿಗಿಂತ ತಂಪಾದರೆ ಗಟ್ಟಿಯಾಗತೊಡಗುತ್ತದೆ. ಹಾಸನ, ಚಿಕ್ಕಮಗಳೂರುಗಳ ಚಳಿಗಾಲದ ಬೆಳಗಿನಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಎಲ್ಲರಿಗೂ ತಿಳಿದದ್ದೇ. ತಿರುಳಿನೊಳಗಿನ ಜಿಡ್ಡಿಗೂ ಅದೇ ಗತಿ. ಆದುದರಿಂದ ತಣ್ಣೀರಿಗಿಂತ ಕೈ ತಾಳುವಷ್ಟು ಬೆಚ್ಚಗಿರುವ ನೀರು ಉತ್ತಮ. ಫ್ರಿಜ್ಜಿನಲ್ಲಿಟ್ಟ ತುರಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟು ತಂಪು ಕಳೆದ ಮೇಲೆ ಉಪಯೋಗಿಸಬೇಕು. ಆದರೆ ಕುದಿಯುವ ನೀರನ್ನು ಮುಚ್ಚಿದ ಜಾಡಿಗೆ ಹಾಕಿ ತಿರುಗಿಸಕೂಡದು. ಆವಿಯು ಮುಚ್ಚಳವನ್ನು ಎಬ್ಬಿಸಿ ಮೈಮೇಲೆ ಚೆಲ್ಲುವುದುಂಟು. ಒಂದು ಕಾಯಿಯ ತುರಿಗೆ ಮೊದಲ ಸಲ ೨೦೦ ಮಿಲಿಲೀಟರು, ಎರಡನೆಯ ಸಲ ಅಷ್ಟೇ ನೀರು ಸಾಧಾರಣವಾಗಿ ಸಾಕು.

ಹಿಂಡುವ ಸಾಮಾನುಗಳು

ಹೆಚ್ಚು ನಷ್ಟವಾಗುವುದು ಇಲ್ಲಿ. ಜನರು ಹಣವನ್ನು ಹಾಕುವುದು ಮಾತ್ರ ಅರೆಯುವ ಯಂತ್ರಕ್ಕೆ. ಎಷ್ಟು ಚೆನ್ನಾಗಿ ಅರೆದಿದ್ದರೂ ಒಡೆದ ಕೋಶಗಳ ನಡುವೆ ಹಾಲು ಹೀರಿಕೊಂಡಂತೆ ನಿಂತಿರುತ್ತದೆ. ಅದನ್ನು ಹೊರಡಿಸುವುದಕ್ಕೆ ಒತ್ತಡವೊಂದೇ ಉಪಾಯ.

ಜರಡಿಯಲ್ಲಿ ಸುರಿದು ಸೌಟಿನ ಬೆನ್ನಿನಿಂದ ಒತ್ತುವ ವಾಡಿಕೆ ಬಹು ನಷ್ಟದ್ದು. ಜರಡಿಯನ್ನು ಬಟ್ಟೆಗೆ ಆಸರೆಯಾಗಿ ಮಾತ್ರ ಉಪಯೋಗಿಸಬೇಕು. ಬಟ್ಟೆಯಲ್ಲಿ ಕಟ್ಟಿ ಕೈಯಿಂದ ತಿರುಚಿ ಹಿಂಡುವುದು ಇದಕ್ಕಿಂತ ಎಷ್ಟೋ ಮೇಲು. ಬಟ್ಟೆಯು ತೆಳುವಾದ ಬಿಳಿಯ ಹತ್ತಿಯದಾಗಿರಬೇಕು. ಹಳೆಯ ಮಲ್ಲಿನ ಪಂಚೆಯ ತುಂಡು ಚೆನ್ನಾಗಿ ಒದಗುತ್ತದೆ. ಹೊಸ ಬಟ್ಟೆಯಾದರೆ ಗಂಜಿ ಹೋಗುವ ತನಕ ಎರಡು ಮೂರು ಸಲ ಒಗೆದು ಕುದಿಸಿ ಉಪಯೋಗಿಸಬೇಕು. ಚೌಕವಾದ ತುಂಡಿಗಿಂತ ಮೂಲೆಗಳು ಸುತ್ತಗಿರುವಂತೆ ಹೊಲಿದ ಚೀಲವು ಅನುಕೂಲ. ಒಂದು ಸಲಕ್ಕೆ ಒಂದು ಕಿತ್ತಳೆಯ ಗಾತ್ರದಷ್ಟೇ ತುರಿಯನ್ನು ಹಿಂಡಬೇಕು. ಹೆಚ್ಚು ತುಂಬಿದರೆ ನಡುವಿನ ತುರಿಗೆ ಒತ್ತಡ ತಲಪುವುದಿಲ್ಲ.

ಕೈಯ ಬಲ ಸಾಲದವರಿಗೆ ಒತ್ತುಯಂತ್ರ ಬೇಕು. ಇದಕ್ಕೆ ಹೊಸದೇನನ್ನೂ ಕೊಳ್ಳಬೇಕಾಗಿಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತಿರುಪಿನಿಂದ ಒತ್ತುವ ಶಾವಿಗೆಯ ಒರಳೇ ಇದಕ್ಕೆ ಒದಗುತ್ತದೆ. ಅರೆದ ತುರಿಯನ್ನು ಸಣ್ಣ ಬಟ್ಟೆಯ ಚೀಲದಲ್ಲಿ ಕಟ್ಟಿ ಒರಳಿನ ಕೊಳವೆಯೊಳಗಿಟ್ಟು, ತಳದಲ್ಲಿ ರಂಧ್ರದ ಬಿಲ್ಲೆ ಹಾಕಿ, ಮೆಲ್ಲನೆ ತಿರುಪನ್ನು ಇಳಿಸಬೇಕು. ಒಂದು ಸುತ್ತು ತಿರುಗಿಸಿ, ಹಾಲು ಇಳಿಯುವುದು ನಿಂತ ಮೇಲೆ ಮತ್ತೊಂದು ಸುತ್ತು. ಆತುರಪಟ್ಟು ಒಮ್ಮೆಲೆ ತಿರುಗಿಸಿದರೆ ಬಟ್ಟೆ ಹರಿಯುತ್ತದೆ. ಇದರ ಗುಟ್ಟು ಇಷ್ಟೆ: ಒಂದೇ ಬಲವು ಅಗಲವಾದ ಜಾಗದ ಮೇಲೆ ಬಿದ್ದರೆ ಒತ್ತಡ ಕಡಮೆ, ಕಿರಿದಾದ ಜಾಗದ ಮೇಲೆ ಬಿದ್ದರೆ ಒತ್ತಡ ಹೆಚ್ಚು. ಎರಡು ಅಂಗುಲ ಅಡ್ಡಗಲದ ಕೊಳವೆಯಲ್ಲಿ ದೊರೆಯುವ ಒತ್ತಡವು ನಾಲ್ಕು ಅಂಗುಲ ಅಡ್ಡಗಲದ ಕೊಳವೆಯಲ್ಲಿ ಅದೇ ಬಲಕ್ಕೆ ದೊರೆಯುವುದರ ನಾಲ್ಕರಷ್ಟು. ಆದಕಾರಣ ಒತ್ತುಯಂತ್ರವನ್ನು ಕೊಳ್ಳುವಾಗ ದೊಡ್ಡ ಕೊಳವೆಯೇ ಒಳ್ಳೆಯದೆಂದು ಭ್ರಮಿಸಕೂಡದು.

ವಾರಕ್ಕೆ ಹಲವು ಸಲ ಹಾಲು ತೆಗೆಯುವವರು ಸ್ಟೀಲಿನ ಕೈಯೊತ್ತು ಯಂತ್ರವನ್ನು ಕೊಳ್ಳಬಹುದು. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಕೈಯಿಂದ ನಡೆಸುವ ಕಾಯಿಹಾಲಿನ ಯಂತ್ರವನ್ನು ರೂಪಿಸಿದೆ. ಅಲ್ಲಿ ೧೯೧೬ ರಿಂದಲೂ ತೆಂಗಿನ ಸಂಶೋಧನೆ ನಡೆದು ಬಂದಿದೆ. ಇಂತಹ ಯಂತ್ರದಲ್ಲಿ ತಿರುಪಿನ ಹಲ್ಲು ದಪ್ಪವಾಗಿರಬೇಕು, ಚೌಕಟ್ಟು ಬಾಗಕೂಡದು, ಹಾಲು ತಗಲುವ ಭಾಗಗಳನ್ನೆಲ್ಲ ಬಿಚ್ಚಿ ತೊಳೆಯುವಂತಿರಬೇಕು.

ಇನ್ನು ವಿದ್ಯುತ್ತಿನ ರಸಯಂತ್ರಗಳು. ವೇಗವಾಗಿ ತಿರುಗಿ ರಸವನ್ನು ಚಿಮ್ಮಿಸುವ ಬಗೆಯಲ್ಲಿ ಕಾಯಿಯ ನಾರು ಜರಡಿಗೆ ಕಟ್ಟಿಕೊಂಡು ಕೆಲಸ ನಿಲ್ಲುವುದುಂಟು. ತಿರುಪಿನಿಂದ ನಿಧಾನವಾಗಿ ಒತ್ತುವ ಬಗೆಯು ಮೇಲು. ಅದಕ್ಕೂ ದಪ್ಪ ಚೂರುಗಳಿಗಿಂತ ತುರಿಯನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಹಾಕುವುದು ಹಿತ. ಬೀಜ, ಬೇಳೆಗಳಿಂದ ಹಾಲು ಮಾಡುವುದಕ್ಕೆಂದು ಮಾರುವ ಕೆಲವು ಯಂತ್ರಗಳು ಅರೆಯುತ್ತಲೇ ಕುದಿಸುತ್ತವೆ. ಸುಮಾರು ೮೦ ಡಿಗ್ರಿಗೆ ಮೇಲೆ ಕಾಯಿಹಾಲಿನ ಪ್ರೋಟೀನು ಗಟ್ಟಿಯಾಗಿ ಹಾಲು ಒಡೆದಂತಾಗುವುದರಿಂದ ಇಂತಹುವು ಹಸಿಯ ಕಾಯಿಹಾಲಿಗೆ ಹೊಂದುವುದಿಲ್ಲ. ಪಾಯಸಕ್ಕೂ ಗಟ್ಟಿಹಾಲನ್ನು ಒಲೆಯಿಂದಿಳಿಸಿದ ಮೇಲೆಯೇ ಬೆರೆಸುವ ನಮ್ಮ ಹಿರಿಯರ ಪದ್ಧತಿಗೆ ಇದೇ ಕಾರಣ.

ಕೊಳ್ಳುವ ಮುಂಚೆ ಮಾಡತಕ್ಕ ಪರೀಕ್ಷೆ

ಎರಡು ಬಿತ್ತನೆ ಬೀಜಗಳಲ್ಲಿ ಯಾವುದು ಮೇಲೆಂದು ತಿಳಿಯಬೇಕಾದರೆ ಅಕ್ಕಪಕ್ಕದ ತಾಕುಗಳಲ್ಲಿ ಒಂದೇ ದಿನ ಬಿತ್ತಿ, ಒಂದೇ ಗೊಬ್ಬರ ಹಾಕಿ ನೋಡುತ್ತೇವೆ. ಅಡಿಗೆಮನೆಯ ಸಾಮಾನಿಗೂ ಇದೇ ಕ್ರಮ. ನೆರೆಹೊರೆಯವರಲ್ಲಿ ಇರುವ ಯಂತ್ರವನ್ನು ಒಂದು ದಿನಕ್ಕೆ ಕೇಳಿ ತಂದಾದರೂ ಈ ಪರೀಕ್ಷೆಯನ್ನು ಮಾಡತಕ್ಕದ್ದು.

(೧) ಎರಡು ಬಲಿತ ಕಾಯಿಗಳ ತಿರುಳನ್ನು ಬಿಡಿಸಿ, ಚೂರುಗಳನ್ನು ಕಲಸಿ, ತೂಕದಲ್ಲಿ ಎರಡು ಸಮಭಾಗ ಮಾಡಬೇಕು. ಒಂದೊಂದು ಕಾಯಿಯನ್ನು ಒಂದೊಂದು ಯಂತ್ರಕ್ಕೆ ಹಾಕಿದರೆ ಕಾಯಿಯ ಗುಣವೋ ಯಂತ್ರದ ಗುಣವೋ ತಿಳಿಯುವುದಿಲ್ಲ. ತುರಿಮಣೆಗೆ ಚಿಪ್ಪಿನೊಳಗಿನ ತಿರುಳೇ ಬೇಕಾದುದರಿಂದ, ಅದನ್ನು ಪರೀಕ್ಷಿಸುವಾಗ ಎರಡು ಕಾಯಿಗಳಿಂದಲೂ ಒಂದೊಂದು ಹೋಳನ್ನು ತುರಿದುಕೊಂಡು, ಉಳಿದ ಹೋಳುಗಳ ತಿರುಳನ್ನು ಯಂತ್ರಕ್ಕೆ ಅದೇ ತೂಕದಲ್ಲಿ ಇಡಬೇಕು.

(೨) ಎರಡಕ್ಕೂ ಅಳೆದು ಸಮವಾಗಿ, ಒಂದೇ ಬಿಸಿಯ ನೀರನ್ನು ಸೇರಿಸಿ ಹಾಲು ತೆಗೆಯಬೇಕು.

(೩) ಎರಡು ಹಾಲನ್ನೂ ಒಂದೇ ಅಳತೆಯ ಎತ್ತರವಾದ ಗಾಜಿನ ಲೋಟಗಳಿಗೆ ಹಾಕಿ, ಮುಚ್ಚಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಬೇಕು. ಬೆಳಗ್ಗೆ ಮೇಲೆ ಕಟ್ಟಿದ ಕೆನೆಯ ದಪ್ಪವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಹಾಲಿನ ಒಟ್ಟು ಅಳತೆಯನ್ನು ನೋಡಿ ಮೋಸಹೋಗಕೂಡದು. ನೀರು ಹೆಚ್ಚಿದರೂ ಅಳತೆ ಹೆಚ್ಚುತ್ತದೆ.

(೪) ಎರಡು ಚರಟಗಳಿಗೂ ೧೦೦ ಮಿಲಿಲೀಟರಿನಂತೆ ಬೆಚ್ಚನೆಯ ನೀರು ಹಾಕಿ ಕಲಸಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಕೈಯಿಂದ ಹಿಂಡಬೇಕು. ನೀಲಿಛಾಯೆಯ ತೆಳು ನೀರು ಬಂದರೆ ಮೊದಲ ಕೆಲಸ ಚೆನ್ನಾಗಿ ಆಗಿದೆಯೆಂದರ್ಥ. ಬೆಳ್ಳಗೆ ಗಟ್ಟಿಯಾಗಿ ಬಂದರೆ ಆ ಸಾಮಾನು ಒಳ್ಳೆಯ ಪಾಲನ್ನು ಚರಟದಲ್ಲಿ ಬಿಟ್ಟಿದೆ.

(೫) ತೊಳೆಯುವುದಕ್ಕೆ ಹಿಡಿದ ಹೊತ್ತನ್ನೂ ಗಡಿಯಾರ ನೋಡಿ ಬರೆದಿಡಬೇಕು.

ಒಂದು ಸಲದ ಫಲವನ್ನು ನಂಬದೆ ಬೇರೆಬೇರೆ ದಿನಗಳಲ್ಲಿ ಮೂರು ಸಲ ಮಾಡಿ ನೋಡುವುದು ಉತ್ತಮ. ಇದು ಸ್ಥೂಲವಾದ ಪರೀಕ್ಷೆಯಾದರೂ ಅಂಗಡಿಯ ಮಾತಿಗಿಂತ ಹೆಚ್ಚು ನಂಬತಕ್ಕದ್ದು.

ಪಾತ್ರೆಗಳೂ ಶುಚಿತ್ವವೂ

ಹಾಲು ಹಿಡಿಯುವುದಕ್ಕೆ ಸ್ಟೀಲು, ಗಾಜು, ಪಿಂಗಾಣಿ ಉತ್ತಮ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳನ್ನು ಬಳಸಕೂಡದು. ತಾಮ್ರದ ಸೋಂಕಿನಿಂದ ಜಿಡ್ಡು ಬೇಗ ಕಮಟುತ್ತದೆ. ಶಾವಿಗೆಯ ಒರಳು ಹಿತ್ತಾಳೆಯದಾದರೆ ಒಳಗಿನ ಕಲಾಯಿಯನ್ನು ನೋಡಿಕೊಳ್ಳಬೇಕು, ಹಾಲನ್ನು ಅದರಲ್ಲಿ ನಿಲ್ಲಗೊಡಕೂಡದು. ಪ್ಲಾಸ್ಟಿಕ್ಕಿನ ಪಾತ್ರೆಗೆ ಜಿಡ್ಡಿನ ವಾಸನೆ ಹಿಡಿದರೆ ಬಿಡಿಸುವುದು ಕಷ್ಟ.

ಕಾಯಿಹಾಲಿನಲ್ಲಿ ಹುಳಿಯ ಅಂಶವು ಬಹಳ ಕಡಮೆಯಾದುದರಿಂದ ಸೂಕ್ಷ್ಮಜೀವಿಗಳು ಅದರಲ್ಲಿ ಬೇಗನೆ ವೃದ್ಧಿಯಾಗುತ್ತವೆ. ಬೇಸಿಗೆಯಲ್ಲಿ ಬೆಳಗ್ಗೆ ತೆಗೆದ ಹಾಲು ಮಧ್ಯಾಹ್ನದ ಹೊತ್ತಿಗೆ ಹುಳಿವಾಸನೆ ಹೊಡೆಯಬಹುದು. ಆದುದರಿಂದ ಬೇಕಾದಷ್ಟನ್ನೇ ಬೇಕಾದಾಗ ತೆಗೆಯಬೇಕು. ಉಳಿದುದನ್ನು ಕೂಡಲೆ ಫ್ರಿಜ್ಜಿಗೆ ಸೇರಿಸಿ ಮಾರನೆಯ ದಿನದೊಳಗೆ ಮುಗಿಸಬೇಕು. ಹಾಲು ಕೆಟ್ಟರೆ ಜನರು ಕಾಯಿಯನ್ನು ದೂರುತ್ತಾರೆ, ಆದರೆ ಅನೇಕ ವೇಳೆ ತಪ್ಪು ಬಟ್ಟೆಯದು. ನನ್ನ ಮನೆಯಲ್ಲಿಯೇ ಒಮ್ಮೆ ಮಗುವಿನ ಹುಟ್ಟುಹಬ್ಬಕ್ಕೆ ತೆಗೆದ ಹಾಲನ್ನು ಎರಡು ಗಂಟೆಯೊಳಗೆ ಚೆಲ್ಲಬೇಕಾಯಿತು. ವಿಚಾರಿಸಲಾಗಿ, ಹಿಂದಿನ ದಿನ ಹಿಂಡಿದ ಬಟ್ಟೆಯನ್ನು ಬರಿಯ ತಣ್ಣೀರಿನಲ್ಲಿ ಜಾಲಿಸಿ ಕಟ್ಟೆಯ ಮೂಲೆಯಲ್ಲಿ ಮುದುರಿಟ್ಟಿದ್ದುದು ತಿಳಿಯಿತು. ಮುದುರಿಟ್ಟವನು ನಾನೇ. ಬಟ್ಟೆಯನ್ನು ಕೂಡಲೆ ಬಿಸಿನೀರಿನಲ್ಲಿ ಸೋಪು ಹಾಕಿ ಜಿಡ್ಡು ಹೋಗುವಂತೆ ಒಗೆದು, ಚೆನ್ನಾಗಿ ಜಾಲಿಸಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಇಟ್ಟು, ಬಿಸಿಲಿನಲ್ಲಿ ಹರಡಿ ಒಣಗಿಸತಕ್ಕದ್ದು. ಎರಡು ಬಟ್ಟೆಗಳನ್ನು ಇಟ್ಟುಕೊಂಡರೆ ಒಂದು ಯಾವಾಗಲೂ ಒಣಗಿರುತ್ತದೆ. ಮಿಕ್ಸಿಯ ಅಲಗಿನ ಕೆಳಗೂ ಮುಚ್ಚಳದ ರಬ್ಬರಿನ ಸಂದಿಯಲ್ಲಿಯೂ ನಿಲ್ಲುವ ಹಾಲನ್ನು ಸಹ ಮರೆಯಕೂಡದು.

ಯಾರಿಗೆ ಯಾವುದು

ನಾಲ್ಕೈದು ಜನರ ಸಂಸಾರದಲ್ಲಿ ವಾರಕ್ಕೊಮ್ಮೆ ಒಂದೆರಡು ಕಾಯಿಯ ಹಾಲು ಬೇಕಾದವರಿಗೆ ಹರಿತವಾದ ತುರಿಮಣೆ, ಮನೆಯಲ್ಲಿರುವ ಮಿಕ್ಸಿ, ಎರಡು ಬಟ್ಟೆಯ ಚೀಲ, ಒಂದು ಜರಡಿ ಸಾಕು. ಕೈಯ ಬಲ ಕಡಮೆಯಾದವರು, ಸಂಧಿವಾತದವರು ಇವುಗಳ ಜೊತೆಗೆ ತಿರುಗಿಸುವ ತುರಿಯಂತ್ರವನ್ನೂ ತಿರುಪಿನ ಒತ್ತುಯಂತ್ರವನ್ನೂ ಇಟ್ಟುಕೊಳ್ಳಬೇಕು. ದಿನವೂ ಹಲವು ಕಾಯಿಗಳ ಹಾಲು ತೆಗೆಯುವವರು ವಿದ್ಯುತ್ತಿನ ತುರಿಯಂತ್ರ, ಸ್ಟೀಲಿನ ಕೈಯೊತ್ತು ಯಂತ್ರಗಳನ್ನು ಕೊಂಡರೆ ಹಣ ಹಿಂದಿರುಗುತ್ತದೆ. ಹಣ ಮಿತವಾಗಿದ್ದರೆ ಮೊದಲು ಹಿಂಡುವುದಕ್ಕೆ, ಅನಂತರ ತುರಿಯುವುದಕ್ಕೆ, ಕೊನೆಗೆ ಅರೆಯುವುದಕ್ಕೆ ವೆಚ್ಚಮಾಡುವುದು ಸರಿಯಾದ ಕ್ರಮ.

ಚೆನ್ನಾಗಿ ಹಿಂಡಿದ ಚರಟವೂ ವ್ಯರ್ಥವಲ್ಲ. ಅದೇ ದಿನ ಪಲ್ಯಕ್ಕೆ ಹಾಕಬಹುದು. ಹುರಿದು ಒಣಗಿಸಿ ಚಟ್ನಿಪುಡಿಗೆ ಸೇರಿಸಬಹುದು. ಹೆಚ್ಚಾದುದನ್ನು ಹಳಸುವ ಮೊದಲು ಸ್ವಲ್ಪ ಸ್ವಲ್ಪವಾಗಿ ದನಗಳ ಮೇವಿನಲ್ಲಿ ಬೆರೆಸಬಹುದು.

ತಿಪಟೂರಿನ ಕಡೆಯ ಆ ಮನೆಯಲ್ಲಿ ಮೇಲ್ಕಂಡ ಪರೀಕ್ಷೆಯನ್ನು ಅಂದೇ ನಡೆಸಿ ನೋಡಿದೆವು. ಹಿರಿಯಾಕೆಯು ತುರಿಮಣೆ ಹಿಡಿದರು; ಸೊಸೆಯು ಯಂತ್ರವನ್ನು ನಡೆಸಿದರು. ಯಂತ್ರದ ಚರಟಕ್ಕೆ ನೀರು ಹಾಕಿ ಹಿಂಡಿದಾಗ ಗಟ್ಟಿಯಾದ ಬಿಳಿಯ ಹಾಲು ಇಳಿಯಿತು. ತುರಿಮಣೆ, ಮಿಕ್ಸಿ, ಶಾವಿಗೆಯ ಒರಳುಗಳಿಂದ ಬಂದ ಚರಟದಲ್ಲಿ ತೆಳು ನೀರು ಮಾತ್ರ ಉಳಿದಿತ್ತು. ಬಳಿಕ ಸೊಸೆಯು ಯಂತ್ರಕ್ಕೆ ಚೂರುಗಳ ಬದಲು ನೆನೆಸಿದ ತುರಿಯನ್ನು ಹಾಕಿ ನೋಡಲಾಗಿ, ಅದರ ಕೆಲಸವೂ ಬಹುಮಟ್ಟಿಗೆ ಸುಧಾರಿಸಿತು. ಯಂತ್ರವು ಕೆಟ್ಟದ್ದಾಗಿರಲಿಲ್ಲ. ತುರಿಯುವ ಕೆಲಸವನ್ನೂ ಅದೇ ಮಾಡುವುದೆಂದು ನಂಬಿದ್ದು ತಪ್ಪಾಗಿತ್ತು. ಹಿರಿಯಾಕೆಯು ಎರಡು ಚರಟಗಳನ್ನೂ ಮುಟ್ಟಿ ನೋಡಿ, “ತುರಿಯೋದು ನಮ್ಮ ಪಾಲಿಗೇ ಬಂತು ಅನ್ನಿ” ಎಂದು ಅಲಗಿಗೆ ಅರ ಹಾಕಿಸುವುದಕ್ಕೆ ತುರಿಮಣೆಯನ್ನು ಮಗನ ಕೈಗೆ ಕೊಟ್ಟರು.

ವಾಚಕರು ಮುಂದಿನ ಹಬ್ಬಕ್ಕೆ ಕಾಯಿಹಾಲು ತೆಗೆಯುವಾಗ, ಬೇರೇನನ್ನು ಮ‌ಾಡದಿದ್ದರೂ, ಚರಟವನ್ನು ಬಾನಿಗೆ ಹಾಕುವ ಮುಂಚೆ ಒಂದು ಹಿಡಿ ಒತ್ತಿ ನೋಡಬೇಕೆಂದು ಕೋರಲಾಗಿದೆ. ತಮ್ಮ ಮನೆಯ ಸಾಮಾನಿನ ಗುಣದೋಷಗಳು ಅದರಿಂದಲೇ ತಿಳಿದುಬರುವುವು.